ಓಡುವ ಬಸ್ಸು, ಆ ಕ್ಷಣದ ವೇಗ

ಬಾದಾಮಿ ಚಾಲುಕ್ಯರ ಕಾಲದ ಶಾಸನಗಳಿಂದ ಇತಿಹಾಸಕಾರರಿಗೆ ಪರಿಚಿತವಾದ ಊರು ಹಾನಗಲ್ಲ ತಾಲ್ಲೂಕಿನ ಆಡೂರು. ಅಲ್ಲಿಂದ ಹಾನಗಲ್ಲಿಗೆ ಹೊರಟ ಬಸ್ಸೊಂದನ್ನು ಕಲ್ಪಿಸಿಕೊಳ್ಳಿ. ಕಂಡಕ್ಟರ್ ಸೀಟಿ ಊದಿದ್ದಾನೆ, ಬಸ್ಸು ಮೆಲ್ಲಗೆ ಕದಲಿದೆ. ಅಷ್ಟರಲ್ಲಿ ಹೆಗಲಿಗೆ ಪುಸ್ತಕದ ಚೀಲ ಏರಿಸಿಕೊಂಡ ಹುಡುಗನೊಬ್ಬ ಓಡಿಬರುತ್ತಾನೆ. ಅವನು ಕಂಬಿ ಹಿಡಿಯುವ ಕ್ಷಣದಲ್ಲಿ ಬಸ್ಸಿನ ವೇಗ ಎಷ್ಟು?

ಲೆಕ್ಕಕ್ಕಾಗಿ ಬಸ್ಸು ಹೀಗೆ ಸಾಗಿತೆನ್ನೋಣ: 2 ಸೆಕೆಂಡಿಗೆ 2 ಮೀಟರ್, 4ಕ್ಕೆ 8, 6ಕ್ಕೆ 18, 8ಕ್ಕೆ 32, 10ಕ್ಕೆ 50 ಮೀಟರ್. ಕಾಲವನ್ನು ಅಡ್ಡ ಅಕ್ಷದಲ್ಲೂ ಸ್ಥಾನವನ್ನು ಲಂಬ ಅಕ್ಷದಲ್ಲೂ ಗುರುತಿಸಿ ಬಿಂದುಗಳನ್ನು ನಯವಾಗಿ ಜೋಡಿಸಿದರೆ ಮೇಲಕ್ಕೆ ಬಾಗಿದ ವಕ್ರರೇಖೆ ಸಿಗುತ್ತದೆ. ಇದೇ ಸ್ಥಾನ-ಕಾಲ ನಕ್ಷೆ.

ಆರನೆಯ ಸೆಕೆಂಡಿನ ವೇಗ ಕೇಳಿದರೆ ಅನೇಕ ವಿದ್ಯಾರ್ಥಿಗಳು 18ನ್ನು 6ರಿಂದ ಭಾಗಿಸಿ, ಸೆಕೆಂಡಿಗೆ 3 ಮೀಟರ್ ಎಂದು ಬರೆಯುತ್ತಾರೆ. ಅದು ಹೊರಟಾಗಿನಿಂದ ಅಲ್ಲಿಯವರೆಗಿನ ಸರಾಸರಿ ವೇಗ. ಮೊದಲು ನಿಧಾನವಾಗಿ ತೆವಳಿದ ಹೊತ್ತೂ ಅದರಲ್ಲಿ ಸೇರಿಕೊಂಡಿದೆ.

ಆ ಕ್ಷಣದ ವೇಗ ಬೇಕಾದರೆ ಅವಧಿಯನ್ನು ಕಿರಿದಾಗಿಸುತ್ತ ಹೋಗಬೇಕು. 6ರಿಂದ 10 ಸೆಕೆಂಡಿನವರೆಗೆ ಸರಾಸರಿ ವೇಗ 8. 6ರಿಂದ 8ರವರೆಗೆ 7. 6ರಿಂದ 7ರವರೆಗೆ 6.5, 6ರಿಂದ 6.1ರವರೆಗೆ 6.05. ಅವಧಿ ಸೊನ್ನೆಯತ್ತ ಸಾಗಿದಂತೆ ಉತ್ತರ 6ಕ್ಕೆ ಹತ್ತಿರವಾಗುತ್ತದೆ. ನಕ್ಷೆಯಲ್ಲಿ ಎರಡು ಬಿಂದುಗಳನ್ನು ಸೇರಿಸುವ ಗೆರೆ ತಿರುಗುತ್ತ ತಿರುಗುತ್ತ ಕೊನೆಗೆ ಸ್ಪರ್ಶಕವಾಗುತ್ತದೆ. ಈ ಸ್ಪರ್ಶಕದ ಇಳಿಜಾರೇ ತತ್‌ಕ್ಷಣದ ವೇಗ. ಇಲ್ಲಿ ಸ್ಪರ್ಶಕ ಕಾಲಾಕ್ಷವನ್ನು 3 ಸೆಕೆಂಡಿನಲ್ಲಿ ಮುಟ್ಟುತ್ತದೆ. 3 ಸೆಕೆಂಡಿಗೆ 18 ಮೀಟರ್ ಏರಿಕೆ. ಆದ್ದರಿಂದ ವೇಗ ಸೆಕೆಂಡಿಗೆ 6 ಮೀಟರ್.

ಸ್ಪರ್ಶಕ ಎಳೆಯಲು ಸುಲಭ ಉಪಾಯವೊಂದಿದೆ. ಸಣ್ಣ ಸಮತಲ ಕನ್ನಡಿಯನ್ನು ಬಿಂದುವಿನ ಮೇಲೆ ವಕ್ರರೇಖೆಗೆ ಅಡ್ಡಲಾಗಿ ನಿಲ್ಲಿಸಿ. ರೇಖೆ ಮತ್ತು ಅದರ ಪ್ರತಿಬಿಂಬ ಮುರಿಯದೆ ಒಂದಾಗಿ ಕಾಣುವವರೆಗೆ ಕನ್ನಡಿ ತಿರುಗಿಸಿ, ಅದರ ಬುಡದಗುಂಟ ಗೆರೆ ಎಳೆಯಿರಿ. ಆ ಗೆರೆಗೆ ಬಿಂದುವಿನಲ್ಲಿ ಎಳೆದ ಲಂಬವೇ ಸ್ಪರ್ಶಕ. ಇಳಿಜಾರನ್ನು ಕೋನಮಾಪಕದಿಂದ ಅಳೆಯಬಾರದು; ಅಕ್ಷಗಳ ಮೇಲಿನ ಸೆಕೆಂಡು, ಮೀಟರುಗಳನ್ನೇ ಓದಬೇಕು.

ಕ್ಷಣದ ವೇಗದ ಚಿಂತನೆ ನಮ್ಮ ನಾಡಿಗೆ ಹೊಸತಲ್ಲ. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯ ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರು, ಖಾನದೇಶದ ಕಡೆಯದೆಂದು ಇತರರು ಹೇಳುತ್ತಾರೆ. 1150ರಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯಲ್ಲಿ ಆತ ಇಂದಿನ ಮತ್ತು ನಾಳಿನ ಸ್ಥಾನಗಳ ವ್ಯತ್ಯಾಸದಿಂದ ಬರುವ ಗತಿಯನ್ನು ಸ್ಥೂಲವೆಂದು ಕರೆದು, ಸೂಕ್ಷ್ಮವಾದ ‘ತಾತ್ಕಾಲಿಕ ಗತಿ’ಯನ್ನು ಬೇರ್ಪಡಿಸಿದ. ಚಂದ್ರನ ಗತಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ತಿಥಿ ಮುಗಿಯುವ ವೇಳೆ ತಿಳಿಯಲು ಅದು ಬೇಕಾಗಿತ್ತು. ಆತನ ಬಳಿ ನಕ್ಷೆ ಇರಲಿಲ್ಲ, ಜ್ಯಾ ಕೋಷ್ಟಕಗಳಿದ್ದವು. ಇಂಥ ಲೆಕ್ಕಗಳಿಗೆಲ್ಲ ಅನ್ವಯಿಸುವ ಕಲನಶಾಸ್ತ್ರ 17ನೇ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್ನಿಜ್‌ರಿಂದ ರೂಪುಗೊಂಡಿತು.

ಮತ್ತೆ ಬಸ್ಸಿನ ಬಳಿಗೆ ಬರೋಣ. ಸೆಕೆಂಡಿಗೆ 3 ಮೀಟರ್ ಎಂದರೆ ಗಂಟೆಗೆ 10.8 ಕಿಲೋಮೀಟರ್, ಹುಡುಗ ಓಡಿ ಹಿಡಿಯಬಹುದಾದ ವೇಗ. ನಿಜವಾದ ವೇಗ ಅದರ ಇಮ್ಮಡಿ, 21.6 ಕಿಲೋಮೀಟರ್. ‘ಈಗಷ್ಟೇ ಹೊರಟಿದೆ, ಹತ್ತಬಹುದು’ ಎಂದು ಕಂಬಿಗೆ ಕೈಹಾಕುವವನೂ ಉತ್ತರಪತ್ರಿಕೆಯಲ್ಲಿ 3 ಎಂದು ಬರೆದವನ ತಪ್ಪನ್ನೇ ಮಾಡುತ್ತಾನೆ. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ ಹೋಗಬಹುದು. ರಸ್ತೆಯಲ್ಲಿ ಕೈ ಜಾರಿದರೆ ಹಿಂದಿನ ಚಕ್ರ ದೂರವಿರುವುದಿಲ್ಲ.