ಅತಿ ಕಡಿಮೆ ಆವರ್ತನದ ಆಂಟೆನಾ

ಅತಿ ಕಡಿಮೆ ಆವರ್ತನದ ಆಂಟೆನಾವು ನೀರಿನಡಿಯಲ್ಲಿರುವ ಜಲಾಂತರ್ಗಾಮಿ ನೌಕೆಗಳಿಗೆ ಸಂದೇಶ ಕಳುಹಿಸಲು ನೌಕಾಪಡೆಗಳು ಬಳಸುವ ಪ್ರಸಾರ ಸಾಧನವಾಗಿದೆ. ಉಪ್ಪುನೀರು ವಿದ್ಯುದ್ವಾಹಕವಾದ್ದರಿಂದ ಸಾಮಾನ್ಯ ರೇಡಿಯೋ ತರಂಗಗಳು ಮೇಲ್ಮೈ ಬಳಿಯೇ ಕ್ಷೀಣಿಸುತ್ತವೆ. 3ರಿಂದ 30 ಕಿಲೋಹರ್ಟ್ಸ್ ಆವರ್ತನದ ತರಂಗಗಳು ಹಲವು ಮೀಟರ್ ಆಳವನ್ನು ತಲುಪುವುದರಿಂದ, ನೌಕೆಯು ಮೇಲೆ ಬಂದು ಶತ್ರುವಿನ ಕಣ್ಣಿಗೆ ಬೀಳದೆಯೇ ಆದೇಶ ಪಡೆಯಬಲ್ಲದು.

20 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 15 ಕಿ.ಮೀ. ಅದರ ಕಾಲುಭಾಗದಷ್ಟು ಎತ್ತರದ ಸ್ತಂಭವನ್ನು ನಿರ್ಮಿಸಲಾಗದು. ಆದ್ದರಿಂದ ನೂರಾರು ಮೀಟರ್ ಎತ್ತರದ ಗೋಪುರಗಳ ತುದಿಯಲ್ಲಿ ತಂತಿಜಾಲ ಹರಡಿ ಧಾರಕತೆಯನ್ನು ಹೆಚ್ಚಿಸಲಾಗುತ್ತದೆ. ನೆಲದಲ್ಲಿ ತಾಮ್ರದ ತಂತಿಗಳನ್ನು ಹೂಳಿ ಶಕ್ತಿನಷ್ಟವನ್ನು ತಗ್ಗಿಸಲಾಗುತ್ತದೆ. ಇಂತಹ ಬೃಹತ್ ರಚನೆ ನೌಕೆಯಲ್ಲಿ ಹಿಡಿಸದ ಕಾರಣ ಈ ಸಂಪರ್ಕವು ಏಕಮುಖವಾಗಿದೆ. ಇದರ ಮೂಲಕ ಧ್ವನಿಯನ್ನಲ್ಲ, ನಿಧಾನಗತಿಯ ಸಂಕೇತಗಳನ್ನಷ್ಟೇ ಕಳುಹಿಸಬಹುದು.

ಭಾರತದಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರವು 1990ರಿಂದ ಈ ಕಾರ್ಯ ನಿರ್ವಹಿಸುತ್ತಿದೆ.