ಎರಡು ಕರೆಯೋಲೆಗಳ ನಡುವೆ

ಫೆಬ್ರವರಿಯ ನಡುಭಾಗದಿಂದ ಏಪ್ರಿಲ್ ತಿಂಗಳ ಪೂರ್ವಾರ್ಧದವರೆಗೆ, ಅಮೆರಿಕದ ವಿಶ್ವವಿದ್ಯಾನಿಲಯಗಳು ಸಂಶೋಧನ ವ್ಯಾಸಂಗಕ್ಕೆ ತಾವು ಆರಿಸಿಕೊಂಡವರಿಗೆ ಕರೆಯೋಲೆಗಳನ್ನು ಕಳುಹಿಸುವ ಕಾಲದಲ್ಲಿ, ನಮ್ಮ ಊರುಗಳ ಎಷ್ಟೋ ಮನೆಗಳೊಳಗೆ ಮೊದಲು ಸಂತೋಷವೂ ಅದರ ಬೆನ್ನಿಗೇ ಒಂದು ಬಗೆಯ ಕಳವಳವೂ ಕಾಲಿಡುತ್ತವೆ. ಒಂದೇ ಓಲೆ ಬಂದಿದ್ದರೆ ಹೋಗುವುದೋ ಬಿಡುವುದೋ ಎಂಬಷ್ಟೇ ಪ್ರಶ್ನೆ. ಎರಡು ಮೂರು ಬಂದಾಗ ಆಯ್ಕೆಯ ಭಾರವೆಲ್ಲ ಇಪ್ಪತ್ತೆರಡು ವರ್ಷದ ಹುಡುಗನ ಅಥವಾ ಹುಡುಗಿಯ ಹೆಗಲಿಗೆ ಬರುತ್ತದೆ. ಆಗ ಸೋದರಮಾವನೂ ನೆರೆಮನೆಯವರೂ ಹಿಂದಿನ ವರ್ಷ ಹೋದವರ ತಂದೆತಾಯಿಗಳೂ ತಮಗೆ ತಿಳಿದುದನ್ನೆಲ್ಲ ಹೇಳತೊಡಗುತ್ತಾರೆ. ಹೇಳುವವರ ಹಿತಚಿಂತನೆಯಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಹಲವು ವರ್ಷಗಳ ಕಾಲ ಕಾಲೇಜಿನಲ್ಲಿ ಪಾಠ ಹೇಳಿ, ಇಂತಹ ಮಕ್ಕಳಿಗೆ ಶಿಫಾರಸು ಪತ್ರಗಳನ್ನು ಬರೆದುಕೊಟ್ಟು, ಅವರ ಮನೆಯ ಜಗುಲಿಗಳಲ್ಲಿ ಕುಳಿತು ಅವರ ಚರ್ಚೆಗಳನ್ನು ಕೇಳಿರುವ ನನಗೆ, ಆ ಸಲಹೆಗಳ ಪೈಕಿ ಅರ್ಧಕ್ಕರ್ಧ ತಥ್ಯಕ್ಕೆ ದೂರವಾದುವೆಂದು ತೋರಿದೆ. ಕರೆಯೋಲೆಯನ್ನು ಬಹುಮಾನದ ಪತ್ರವೆಂದು ಓದುವುದರಿಂದಲೇ ಈ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುತ್ತವೆ. ಇಂತಹ ಊರಿನಲ್ಲಿ, ಇಂತಹವರ ಕೈಕೆಳಗೆ, ಇಷ್ಟು ಹಣದಲ್ಲಿ, ಐದಾರು ವರ್ಷ ಬಾಳುವುದಕ್ಕೆ ಮಾಡಿಕೊಳ್ಳುವ ಕರಾರೆಂದು ಓದಿದರೆ ಅದರ ಅರ್ಥವೇ ಬೇರೆಯಾಗುತ್ತದೆ.

ವಿಶ್ವವಿದ್ಯಾನಿಲಯದ ಹೆಸರು ಎಷ್ಟು ದೊಡ್ಡದೋ ವ್ಯಾಸಂಗವೂ ಅಷ್ಟೇ ಶ್ರೇಷ್ಠವಾಗಿರುತ್ತದೆಂಬುದು ಈ ಭಾವನೆಗಳಲ್ಲೆಲ್ಲ ಅತ್ಯಂತ ಬಲವಾದುದು. ಮೊದಲ ಪದವಿಯ ವಿಷಯದಲ್ಲಿ ಅದಕ್ಕೆ ಸ್ವಲ್ಪ ಆಧಾರವಿದ್ದೀತು. ಸಂಶೋಧನೆಯ ವಿಷಯದಲ್ಲಿ ಬಹಳ ಕಡಿಮೆ. ಬೆಂಗಳೂರಿನಲ್ಲಿ ಹುಟ್ಟಿ, 1953ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಿಂದ ಎಂ.ಎಸ್ಸಿ. ಪದವಿಯನ್ನು ಪಡೆದ ಸಿ. ಎನ್. ಆರ್. ರಾವ್ ಅವರಿಗೆ ಎಂ.ಐ.ಟಿ., ಕೊಲಂಬಿಯ, ಪೆನ್ ಸ್ಟೇಟ್ ಮತ್ತು ಪರ್ಡ್ಯೂ ಎಂಬ ನಾಲ್ಕು ಅಮೆರಿಕನ್ ವಿದ್ಯಾಸಂಸ್ಥೆಗಳಿಂದ ಧನಸಹಾಯದೊಡನೆ ಕರೆ ಬಂದಿತ್ತು. ಹೆಸರನ್ನೇ ತೂಗಿನೋಡುವ ನಮ್ಮ ಜಗುಲಿಯ ಪಂಡಿತರು ಅಂದು ಅಲ್ಲಿದ್ದಿದ್ದರೆ ಮೊದಲೆರಡರಲ್ಲಿ ಒಂದನ್ನೇ ಹಿಡಿಯೆಂದು ಒತ್ತಾಯಿಸುತ್ತಿದ್ದರೆಂಬುದು ನಿಶ್ಚಯ. ರಾವ್ ಅವರು ಆರಿಸಿಕೊಂಡದ್ದು ಇಂಡಿಯಾನ ಪ್ರಾಂತದ ಪರ್ಡ್ಯೂ. ಎರಡು ವರ್ಷ ಒಂಬತ್ತು ತಿಂಗಳಲ್ಲಿ ಸಂಶೋಧನೆಯನ್ನು ಮುಗಿಸಿ 1958ರಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಅಧ್ಯಾಪಕರಾಗಿ ಹಿಂದಿರುಗಿದರು. ಮುಂದೆ 2014ರಲ್ಲಿ ಭಾರತರತ್ನವು ಅವರನ್ನು ಅರಸಿಕೊಂಡು ಬಂದುದಕ್ಕೆ, ಅರುವತ್ತು ವರ್ಷಗಳ ಹಿಂದೆ ಅವರು ಕೈಬಿಟ್ಟ ಹೆಸರುಗಳು ಅಡ್ಡಿಯಾಗಲಿಲ್ಲ.

ಹಾಗಾದರೆ ನೋಡಬೇಕಾದುದು ಯಾವುದನ್ನು? ಮೊತ್ತಮೊದಲು, ಯಾರ ಬಳಿ ಕೆಲಸಮಾಡಬೇಕೋ ಆ ಮಾರ್ಗದರ್ಶಕರನ್ನು. ಪಾಠದ ಕೊಠಡಿಯಲ್ಲಿ ಕಳೆಯುವ ಕಾಲ ಒಂದೆರಡು ವರ್ಷಗಳಿಗೆ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಒಬ್ಬ ಪ್ರಾಧ್ಯಾಪಕ, ಒಂದು ಪ್ರಯೋಗಶಾಲೆ ಅಥವಾ ಗ್ರಂಥಭಂಡಾರ, ನಾಲ್ಕೈದು ಮಂದಿ ಸಹಪಾಠಿಗಳು. ಪ್ರಖ್ಯಾತರಾದ ಹಿರಿಯರ ಹೆಸರು ಬಾಗಿಲುಗಳನ್ನು ತೆರೆಯಬಲ್ಲುದಾದರೂ, ಅವರು ಪ್ರವಾಸದಲ್ಲಿದ್ದು ತಿಂಗಳಿಗೊಮ್ಮೆಯೂ ದರ್ಶನಕೊಡದಿರಬಹುದು, ಇಲ್ಲವೆ ನಿವೃತ್ತಿಯ ಅಂಚಿನಲ್ಲಿರಬಹುದು. ಹೊಸದಾಗಿ ನೇಮಕವಾದ ಸಹಾಯಕ ಪ್ರಾಧ್ಯಾಪಕರು ದಿನವೂ ಶಿಷ್ಯನ ಪಕ್ಕದಲ್ಲಿ ಕುಳಿತು ಕೈಹಿಡಿದು ನಡೆಸಬಹುದಾದರೂ, ಅವರ ಉದ್ಯೋಗವೇ ಇನ್ನೂ ಸ್ಥಿರವಾಗದೆ ನಾಳೆ ಬೇರೆ ಊರಿಗೆ ಹೊರಟುಹೋಗಬಹುದು. ಎರಡರಲ್ಲಿ ಇದೇ ಲೇಸೆಂದು ಮುಂಚೆಯೇ ಹೇಳುವುದು ಅಸಾಧ್ಯ. ಆದರೆ ಅಲ್ಲಿ ಈಗ ಓದುತ್ತಿರುವ ವಿದ್ಯಾರ್ಥಿಗಳನ್ನು ಕೇಳಿದರೆ, ಯಾವ ಪಟ್ಟಿಯೂ ಹೇಳದ ಸಂಗತಿಗಳು ಹೊರಬೀಳುತ್ತವೆ: ಹಿಂದಿನವರು ಎಷ್ಟು ವರ್ಷಗಳಲ್ಲಿ ಮುಗಿಸಿದರು, ನಡುವೆ ಬಿಟ್ಟುಹೋದವರೆಷ್ಟು ಮಂದಿ, ಮುಗಿಸಿದವರು ಇಂದು ಎಲ್ಲಿದ್ದಾರೆ, ಬರೆದುಕೊಟ್ಟ ಅಧ್ಯಾಯ ತಿದ್ದುಪಡಿಯಾಗಿ ಹಿಂದಿರುಗಲು ಎಷ್ಟು ವಾರ ಬೇಕು. ಅಪರಿಚಿತ ವಿದ್ಯಾರ್ಥಿಗೆ ಹೀಗೆ ಪತ್ರ ಬರೆದು ಕೇಳುವುದು ಅವಿನಯವೆಂದು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಅಲ್ಲಿಯ ಪದ್ಧತಿಯಲ್ಲಿ ಅದು ಅವಿನಯವಲ್ಲ. ಕೇಳದೆ ಬಂದವರನ್ನು ಕಂಡೇ ಅಲ್ಲಿಯವರು ಅಚ್ಚರಿಪಡುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಇಂತಹ ನಾಲ್ಕು ಪತ್ರಗಳನ್ನು ಬರೆದು, ಮೂರಕ್ಕೆ ದೀರ್ಘವಾದ ಉತ್ತರಗಳನ್ನು ಪಡೆದು, ತಾನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದ ಸ್ಥಳವನ್ನು ಒಂದೇ ವಾರದಲ್ಲಿ ಬದಲಾಯಿಸಿಕೊಂಡಳು. ನಾಲ್ಕನೆಯ ಪ್ರಯೋಗಶಾಲೆಯ ಮೌನವೂ ಅವಳಿಗೆ ಒಂದು ಉತ್ತರವೇ ಆಯಿತು.

ಒಮ್ಮೆ ಸೇರಿದ ಮಾರ್ಗದರ್ಶಕರನ್ನು ಬಿಡುವಂತೆಯೇ ಇಲ್ಲವೆಂಬ ಭಯವೂ ಅನೇಕರಲ್ಲಿದೆ. ಜೀವವಿಜ್ಞಾನದ ಹಲವು ವಿಭಾಗಗಳಲ್ಲಿ ಮೊದಲ ವರ್ಷ ಎರಡು ಮೂರು ಪ್ರಯೋಗಶಾಲೆಗಳಲ್ಲಿ ಕೆಲವು ವಾರಗಳಂತೆ ಕೆಲಸಮಾಡಿ ನೋಡಿದ ಮೇಲೆಯೇ ಆಯ್ಕೆ ನಡೆಯುತ್ತದೆ. ಬೇರೆ ಶಾಸ್ತ್ರಗಳಲ್ಲಿಯೂ ಬದಲಾವಣೆ ಕಷ್ಟಸಾಧ್ಯವೇ ಹೊರತು ಅಸಾಧ್ಯವಲ್ಲ. ಆದುದರಿಂದ ತಾನು ಒಪ್ಪಿ ಕೆಲಸಮಾಡಬಲ್ಲ ಪ್ರಾಧ್ಯಾಪಕರು ಒಬ್ಬರೇ ಇರುವ ವಿಭಾಗಕ್ಕಿಂತ ಮೂವರಿರುವ ವಿಭಾಗವೇ ಕ್ಷೇಮಕರವಾದುದು.

ಇನ್ನು ಹಣದ ಮಾತು. ಓಲೆಯಲ್ಲಿ ಕಂಡ ಡಾಲರುಗಳನ್ನು ರೂಪಾಯಿಗೆ ಗುಣಿಸಿ, ಹೆಚ್ಚಿನ ಮೊತ್ತವನ್ನು ಹೆಚ್ಚಿನ ಭಾಗ್ಯವೆಂದು ತಿಳಿಯುವುದು ನಮ್ಮ ಮನೆಗಳಲ್ಲಿ ಸರ್ವಸಾಧಾರಣವಾದ ಲೆಕ್ಕ. ಗಳಿಸುವುದು ಡಾಲರಿನಲ್ಲಿ, ತಿನ್ನುವುದೂ ಡಾಲರಿನಲ್ಲಿ. ರೂಪಾಯಿಗೆ ಅಲ್ಲಿ ಪ್ರವೇಶವೇ ಇಲ್ಲ. ಸಮುದ್ರತೀರದ ಮಹಾನಗರವೊಂದರಲ್ಲಿ ವರ್ಷಕ್ಕೆ 36,000 ಡಾಲರೂ ಒಳನಾಡಿನ ವಿಶ್ವವಿದ್ಯಾನಿಲಯದ ಪಟ್ಟಣವೊಂದರಲ್ಲಿ 28,000 ಡಾಲರೂ ಸಿಕ್ಕುತ್ತವೆಂದು ಇಟ್ಟುಕೊಳ್ಳೋಣ. ಮಹಾನಗರದಲ್ಲಿ ಒಂದು ಕೋಣೆಗೆ ತಿಂಗಳಿಗೆ 1,600 ಡಾಲರ್ ತೆತ್ತರೆ ಕೈಯಲ್ಲುಳಿಯುವುದು 1,400. ಪಟ್ಟಣದಲ್ಲಿ 700 ತೆತ್ತರೆ ಉಳಿಯುವುದು 1,600ಕ್ಕೂ ಮೇಲೆ. ಎಂಟು ಸಾವಿರ ಕಡಿಮೆಯೆಂದು ತೋರಿದ ಓಲೆಯೇ ಬಾಳುವುದಕ್ಕೆ ಹೆಚ್ಚು ಅವಕಾಶ ಕೊಡುವುದೆಂಬುದು ಈ ಕೂಡುಕಳೆಯುವಿಕೆಯಿಂದ ತಿಳಿಯುತ್ತದೆ. ಇದು ಕೇವಲ ಉದಾಹರಣೆಯ ಲೆಕ್ಕ. ನಿಮ್ಮ ಓಲೆಯಲ್ಲಿರುವ ಅಂಕಿಗಳನ್ನೂ ಆ ಊರಿನ ಬಾಡಿಗೆಯನ್ನೂ ಇದೇ ರೀತಿ ಎದುರುಬದುರಾಗಿಟ್ಟು ನೋಡಬೇಕು.

ಅಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ವೇತನವು ಹನ್ನೆರಡು ತಿಂಗಳಿಗೋ ಒಂಬತ್ತು ತಿಂಗಳಿಗೋ ಎಂಬುದು ಓಲೆಯ ಒಂದು ಸಣ್ಣ ವಾಕ್ಯದಲ್ಲಿ ಅಡಗಿರುತ್ತದೆ. ಒಂಬತ್ತೆಂದಿದ್ದರೆ ಬೇಸಿಗೆಯ ಮೂರು ತಿಂಗಳ ಅನ್ನಕ್ಕೆ ಬೇರೆ ದಾರಿ ಹುಡುಕಬೇಕು. ‘ಪೂರ್ಣ ಧನಸಹಾಯ’ವೆಂಬ ಮಾತನ್ನು ಕೇಳಿ, ವಿಶ್ವವಿದ್ಯಾನಿಲಯಕ್ಕೆ ಇನ್ನು ಬಿಡಿಗಾಸನ್ನೂ ಕೊಡಬೇಕಾಗಿಲ್ಲವೆಂದು ನಂಬಿದವರು ಮೊದಲ ತಿಂಗಳಿನಲ್ಲಿಯೇ ನೊಂದುಕೊಳ್ಳುತ್ತಾರೆ. ಬೋಧನಶುಲ್ಕವನ್ನು ಮನ್ನಾಮಾಡಿದ ಸಂಸ್ಥೆಯೇ ಬೇರೆ ಹೆಸರಿನ ಶುಲ್ಕಗಳನ್ನು ವಸೂಲುಮಾಡಬಹುದು. ಆರೋಗ್ಯವಿಮೆಯ ಕಂತಿನಲ್ಲಿ ಒಂದು ಪಾಲು ವಿದ್ಯಾರ್ಥಿಯದಾಗಿರಬಹುದು. ವೇತನದ ಮೇಲೆ ಆದಾಯ ತೆರಿಗೆಯೂ ಉಂಟು. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಸೋಷಿಯಲ್ ಸೆಕ್ಯುರಿಟಿ ತೆರಿಗೆಯಿಂದ ವಿನಾಯಿತಿಯಿದೆಯೆಂಬುದೂ, ಭಾರತ–ಅಮೆರಿಕಗಳ ತೆರಿಗೆ ಒಪ್ಪಂದದ 21ನೆಯ ವಿಧಿಯು ಬೇರೆ ದೇಶಗಳ ಬಹುಪಾಲು ವಿದ್ಯಾರ್ಥಿಗಳಿಗಿಲ್ಲದ ಒಂದು ಕಡಿತವನ್ನು ನಮ್ಮ ವಿದ್ಯಾರ್ಥಿಗಳಿಗೆ ದೊರಕಿಸಿಕೊಡುವುದೆಂಬುದೂ ಸಮಾಧಾನದ ಸಂಗತಿಗಳು. ಆದರೆ ತೆರಿಗೆಯ ವಿವರಪತ್ರದಲ್ಲಿ ತಾವಾಗಿ ಕೇಳಿಕೊಂಡವರಿಗೆ ಮಾತ್ರ ಆ ಕಡಿತದ ಫಲ. ಸಹಾಯವು ಎಷ್ಟು ವರ್ಷಗಳಿಗೆಂದು ಬರೆದಿದೆಯೋ ಅದನ್ನೂ ಕಣ್ಣಿಟ್ಟು ನೋಡಬೇಕು. ‘ಐದು ವರ್ಷ, ಪ್ರಗತಿ ತೃಪ್ತಿಕರವಾಗಿರುವವರೆಗೆ’ ಎಂಬುದಕ್ಕೂ ‘ಮೊದಲ ವರ್ಷಕ್ಕೆ’ ಎಂಬುದಕ್ಕೂ ನಡುವಣ ಅಂತರವು, ಮೊತ್ತದಲ್ಲಿ ಎರಡು ಸಾವಿರ ಡಾಲರುಗಳ ಅಂತರಕ್ಕಿಂತ ಎಷ್ಟೋ ದೊಡ್ಡದು.

ಓಲೆ ಬಂದೊಡನೆ ಒಪ್ಪಿಗೆ ಕಳುಹಿಸದಿದ್ದರೆ ಸ್ಥಾನವು ಕೈತಪ್ಪುವುದೆಂಬ ಆತುರಕ್ಕೆ ಮದ್ದಾಗಿ ಒಂದು ದಿನಾಂಕವನ್ನು ನೆನಪಿಡಬೇಕು: ಏಪ್ರಿಲ್ 15. ಅಮೆರಿಕದ ಸ್ನಾತಕೋತ್ತರ ವಿದ್ಯಾಸಂಸ್ಥೆಗಳ ಪರಿಷತ್ತಿನ ಒಂದು ನಿರ್ಣಯಕ್ಕೆ ನೂರಾರು ವಿಶ್ವವಿದ್ಯಾನಿಲಯಗಳು ಸಹಿಹಾಕಿವೆ. ಅದರ ಪ್ರಕಾರ, ಧನಸಹಾಯದೊಡನೆ ಬಂದ ಕರೆಗೆ ಆ ದಿನಕ್ಕಿಂತ ಮುಂಚೆ ಉತ್ತರ ಕೊಡಲೇಬೇಕೆಂಬ ನಿರ್ಬಂಧ ವಿದ್ಯಾರ್ಥಿಗಿಲ್ಲ. ಧನಸಹಾಯವಿಲ್ಲದ ಬರಿಯ ಪ್ರವೇಶಪತ್ರಕ್ಕೆ ಈ ರಕ್ಷಣೆ ಅನ್ವಯಿಸದು. ಸ್ವಂತ ಖರ್ಚಿನ ಎಂ.ಎಸ್. ವ್ಯಾಸಂಗದ ಓಲೆಗಳಲ್ಲಿ ಬೇರೆ ಗಡುವುಗಳಿರುವುದು ಇದರಿಂದಲೇ.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು ದಾಕ್ಷಿಣ್ಯದಿಂದ ಹುಟ್ಟಿದುದು. ‘ಬರುವುದಿಲ್ಲ’ವೆಂದು ಬರೆದರೆ ಪ್ರಾಧ್ಯಾಪಕರು ನೊಂದುಕೊಂಡಾರು, ಮುಂದೆ ಹಗೆ ಸಾಧಿಸಿಯಾರು ಎಂದು ಹೆದರಿ, ಬೇಡವೆಂದು ಮನಸ್ಸಿನಲ್ಲಿ ತೀರ್ಮಾನವಾದ ಓಲೆಯನ್ನು ಕೊನೆಯ ದಿನದವರೆಗೂ ಹಿಡಿದಿಟ್ಟುಕೊಳ್ಳುವವರುಂಟು. ನಾವು ಬಿಡದ ಸ್ಥಾನಕ್ಕಾಗಿ ನಿರೀಕ್ಷಣೆಯ ಪಟ್ಟಿಯಲ್ಲಿ ಇನ್ನೊಬ್ಬನು, ಪ್ರಾಯಶಃ ನಮ್ಮಂತೆಯೇ ದೂರದೇಶದ ಒಂದು ಸಣ್ಣ ಊರಿನವನು, ದಿನದಿನವೂ ಅಂಚೆಯನ್ನು ನೋಡುತ್ತ ಕುಳಿತಿರುತ್ತಾನೆ. ವಂದನೆಯ ಎರಡು ವಾಕ್ಯಗಳೊಡನೆ ನಿರಾಕರಣೆಯನ್ನು ಬೇಗ ತಿಳಿಸುವುದೇ ಸೌಜನ್ಯ. ಪ್ರತಿವರ್ಷವೂ ಅಂತಹ ಪತ್ರಗಳನ್ನು ಪಡೆಯುವುದು ಆ ಪ್ರಾಧ್ಯಾಪಕರಿಗೆ ಅಭ್ಯಾಸವಾಗಿಹೋಗಿದೆ; ಮುಂದೊಂದು ದಿನ ಸಮ್ಮೇಳನದಲ್ಲಿ ಕಂಡಾಗ ಅವರು ಕುಶಲವನ್ನೇ ಕೇಳುತ್ತಾರೆ.

ಆಯ್ಕೆ ಮುಗಿದ ಮೇಲೆ ಪ್ರಯಾಣದ ಸಿದ್ಧತೆ. ವಿಶ್ವವಿದ್ಯಾನಿಲಯ ಕಳುಹಿಸುವ ಐ–20 ಎಂಬ ಪತ್ರವೇ ವೀಸಾ ಎಂದು ತಿಳಿಯುವವರಿದ್ದಾರೆ. ಅದು ವೀಸಾಕ್ಕೆ ಅರ್ಜಿ ಹಾಕುವ ಅರ್ಹತೆಯನ್ನಷ್ಟೇ ಕೊಡುತ್ತದೆ. ಅದರ ಆಧಾರದ ಮೇಲೆ, 2019ರಿಂದ 350 ಡಾಲರಾಗಿರುವ, ಸೆವಿಸ್ ಎಂಬ ವಿದ್ಯಾರ್ಥಿ ನೋಂದಣಿಯ ಶುಲ್ಕವನ್ನು ತೆತ್ತು ಸಂದರ್ಶನಕ್ಕೆ ಹೋಗಬೇಕು. ಹೆಸರಾಂತ ಸಂಸ್ಥೆಯ ಓಲೆಯಿದ್ದರೆ ವೀಸಾ ಖಚಿತವೆಂಬುದೂ ನಿರಾಧಾರವಾದ ಮಾತು. ವ್ಯಾಸಂಗ ಮುಗಿದ ಮೇಲೆ ತಾಯ್ನಾಡಿಗೆ ಮರಳುವ ಉದ್ದೇಶ ತನಗಿದೆಯೆಂದು ಪ್ರತಿಯೊಬ್ಬ ಅಭ್ಯರ್ಥಿಯೂ ಅಧಿಕಾರಿಗೆ ಮನಗಾಣಿಸಬೇಕೆಂದು ಆ ದೇಶದ ವಲಸೆ ಶಾಸನದ 214–ಬಿ ವಿಧಿ ಹೇಳುತ್ತದೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸದ ಉದ್ಘಾಟನೆಯಾದಾಗ, ಇನ್ನು ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಾಗಿಲ್ಲವೆಂದು ಹಲವರು ಹಿಗ್ಗಿದರು. ಆದರೆ ಉದ್ಘಾಟನೆಯೊಂದಿಗೇ ವೀಸಾ ಕಾರ್ಯವು ಅಲ್ಲಿ ಆರಂಭವಾಗಲಿಲ್ಲ. ವೀಸಾ ಕೈಗೆ ಬಂದರೂ, ಐ–20ರಲ್ಲಿ ಕಾಣಿಸಿದ ಆರಂಭದಿನಕ್ಕೆ 30 ದಿನಗಳಿಗಿಂತ ಮುಂಚೆ ಆ ನೆಲದ ಮೇಲೆ ಕಾಲಿಡುವಂತಿಲ್ಲ. ಆ ಮೂವತ್ತು ದಿನಗಳಲ್ಲಿ ಒಂದೆರಡು ವಾರಗಳನ್ನಾದರೂ ಬಳಸಿಕೊಳ್ಳಬೇಕೆಂದು ನನ್ನ ಆಗ್ರಹ. ಬೋಧನ ಸಹಾಯಕರಾಗಿ ಹೋಗುವ ಪರದೇಶೀಯರಿಗೆ ಅನೇಕ ವಿಶ್ವವಿದ್ಯಾನಿಲಯಗಳು ತರಗತಿಗಳಿಗೆ ಮುಂಚೆಯೇ ಇಂಗ್ಲಿಷ್ ಮಾತುಗಾರಿಕೆಯ ಪರೀಕ್ಷೆಯನ್ನಿಡುತ್ತವೆ. ರಾತ್ರಿ ಹಗಲುಗಳು ಅದಲುಬದಲಾದ ತಲೆಯಿಂದ ಅದನ್ನು ಎದುರಿಸುವುದು ಬಹಳ ಕಷ್ಟ.

ವೇತನವಿರುವುದರಿಂದ ಕೈಯಲ್ಲಿ ಹಣ ಬೇಡವೆಂಬ ಭ್ರಮೆಯಿಂದ ತೊಂದರೆಗೊಳಗಾದವರನ್ನು ನಾನು ಕಂಡಿದ್ದೇನೆ. ಆಗಸ್ಟಿನಲ್ಲಿ ಕೆಲಸ ಮೊದಲಾದರೆ ಮೊದಲ ವೇತನ ಕೈಸೇರುವುದು ಸೆಪ್ಟೆಂಬರಿನಲ್ಲಿ, ಕೆಲವೆಡೆ ಅದರ ಕೊನೆಯಲ್ಲಿ. ಅದಕ್ಕೆ ಮುಂಚೆಯೇ ಮನೆಯ ಮುಂಗಡ, ಮೊದಲ ತಿಂಗಳ ಬಾಡಿಗೆ, ಹಾಸಿಗೆ, ಪಾತ್ರೆ, ಶುಲ್ಕದ ಮೊದಲ ಕಂತು ಎಲ್ಲವೂ ಒಮ್ಮೆಗೇ ಎದುರಾಗುತ್ತವೆ. ಆ ದೇಶದಲ್ಲಿ ಸಾಲದ ಚರಿತ್ರೆಯಿಲ್ಲದ ಹೊಸಬನಿಂದ ಹೆಚ್ಚಿನ ಮುಂಗಡ ಕೇಳುವ ಮನೆಯೊಡೆಯರೂ ಉಂಟು. ಎರಡು ತಿಂಗಳ ಜೀವನಕ್ಕಾಗುವಷ್ಟನ್ನು ಜೊತೆಯಲ್ಲಿ ಒಯ್ಯುವುದೇ ವಿಹಿತ. ಹತ್ತು ಸಾವಿರ ಡಾಲರಿಗಿಂತ ಹೆಚ್ಚು ನಗದನ್ನು ಒಯ್ಯುವುದು ಅಲ್ಲಿ ಅಪರಾಧವೆಂಬ ಮಾತೂ ಸರಿಯಲ್ಲ. ಹೇಳದೆ ಒಯ್ಯುವುದು ಅಪರಾಧ.

ಕೊನೆಗೆ ಪೆಟ್ಟಿಗೆಗಳು. ಸಾಮಾನ್ಯವಾಗಿ 23 ಕಿಲೋಗ್ರಾಮಿನ ಎರಡು ಪೆಟ್ಟಿಗೆಗಳಿಗೆ ವಿಮಾನದಲ್ಲಿ ಅವಕಾಶ. ಮಗು ಹೋಗುವ ಕಡೆ ಏನೂ ಸಿಕ್ಕುವುದಿಲ್ಲವೆಂಬ ಮರುಕದಿಂದ ನಾವು ಅವುಗಳಲ್ಲಿ ಕುಕ್ಕರನ್ನೂ ಬೇಳೆಯನ್ನೂ ಬೆಂಗಳೂರಿನ ಚಳಿಗಾಲದ ಕೋಟುಗಳನ್ನೂ ತುಂಬುತ್ತೇವೆ. ಮಿನಿಸೋಟದ ಜನವರಿಯಲ್ಲಿ ಉಷ್ಣತೆ ಶೂನ್ಯದಿಂದ 20 ಡಿಗ್ರಿ ಕೆಳಕ್ಕಿಳಿಯುವುದುಂಟು. ಅದಕ್ಕೆ ನಮ್ಮ ಕೋಟು ಸಾಲದು, ಅದು ತಲುಪುವ ಆಗಸ್ಟಿನ ಸೆಕೆಯಲ್ಲಿಯೂ ಬೇಕಾಗಿಲ್ಲ. ಅಕ್ಟೋಬರಿನಲ್ಲಿ ಅಲ್ಲಿಯೇ ಕೊಳ್ಳುವುದು ಮೇಲು. ಬೇಳೆ, ಅಕ್ಕಿ, ಮಸಾಲೆಗಳನ್ನು ಮಾರುವ ಭಾರತೀಯ ಅಂಗಡಿಗಳು ಬಹುತೇಕ ವಿಶ್ವವಿದ್ಯಾನಿಲಯಗಳ ಊರಿನಲ್ಲೋ ಅದರ ಸಮೀಪದಲ್ಲೋ ಇವೆ. ಪೆಟ್ಟಿಗೆಯಲ್ಲಿ ಅವುಗಳ ಜಾಗದಲ್ಲಿ ಎರಡು ಜೊತೆ ಕನ್ನಡಕ, ಹಲ್ಲಿನ ಚಿಕಿತ್ಸೆಯನ್ನು ಮುಗಿಸಿದುದರ ಕಾಗದಗಳು, ವೈದ್ಯರ ಚೀಟಿಯೊಡನೆ ನಿತ್ಯದ ಔಷಧಗಳು ಇರಲಿ. ದಡಾರದ ಲಸಿಕೆಯನ್ನು ಎರಡು ಬಾರಿ ಹಾಕಿಸಿಕೊಂಡ ದಾಖಲೆ ಇಲ್ಲದಿದ್ದರೆ ಅನೇಕ ಕಡೆ ತರಗತಿಗೆ ನೋಂದಾಯಿಸಿಕೊಳ್ಳುವುದಕ್ಕೇ ತಡೆಯುಂಟಾಗುತ್ತದೆ.

ಪಾಸ್‌ಪೋರ್ಟ್, ಐ–20, ಕರೆಯೋಲೆಗಳನ್ನು ಆ ದೊಡ್ಡ ಪೆಟ್ಟಿಗೆಗಳಲ್ಲಿಡದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ವಲಸೆ ಅಧಿಕಾರಿಯ ಪರೀಕ್ಷೆ ನಡೆಯುವುದು ಕೊನೆಯ ಊರಿನಲ್ಲಲ್ಲ, ಆ ದೇಶದಲ್ಲಿ ವಿಮಾನ ಮೊದಲು ಇಳಿಯುವ ಊರಿನಲ್ಲಿ; ಅಬುಧಾಬಿಯಂತಹ ಕೆಲವು ನಿಲ್ದಾಣಗಳಲ್ಲಿ ಮಾತ್ರ ಅದು ಹೊರಡುವ ಮುಂಚೆಯೇ ಮುಗಿಯುತ್ತದೆ. ಪೆಟ್ಟಿಗೆಗಳು ತಾವಾಗಿಯೇ ಕೊನೆಯ ಊರಿಗೆ ಬರುತ್ತವೆಂದು ನಂಬಿ ಮುಂದಿನ ವಿಮಾನಕ್ಕೆ ಓಡಬಾರದು. ಆ ಮೊದಲ ನಿಲ್ದಾಣದಲ್ಲಿಯೇ ಅವುಗಳನ್ನು ಎತ್ತಿಕೊಂಡು, ಸುಂಕದ ಕಟ್ಟೆಯನ್ನು ದಾಟಿ, ಮತ್ತೆ ಒಪ್ಪಿಸಬೇಕಾಗುವುದೇ ವಾಡಿಕೆ. ಹಸಿಯ ಹಣ್ಣು, ಬಿತ್ತನೆಯ ಬೀಜ, ಮಾಂಸಗಳನ್ನು ಅಲ್ಲಿ ತೆಗೆದುಹಾಕುತ್ತಾರೆ. ಅಮ್ಮ ಹುರಿದು ಕುಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿಯನ್ನು ಯಾರೂ ಬೇಡವೆನ್ನಲಾರರು. ಆಹಾರ ಪದಾರ್ಥವೇನಾದರೂ ಇದೆಯೇ ಎಂದು ಅಧಿಕಾರಿ ಕೇಳಿದಾಗ, ಅಳುಕದೆ, ಇದೆಯೆಂದೇ ಹೇಳಿ ಮುಚ್ಚಳವನ್ನು ತೆರೆದು ತೋರಿಸಬೇಕು.