ಬಾಣಂತಿಗೂ ಲಕ್ವಾ ಹೊಡೀತದ: ಡಾ. ನಾಗರಾಜ ಕಂಡುಕೊಂಡ ಮದ್ದು

ಬೆಂಗೇರಿ: ಲಕ್ವಾ ಅಂದ್ರೆ ವಯಸ್ಸಾದವರ ಕಾಯಿಲೆ ಅಂತಲೇ ನಮ್ಮ ಕಡೆ ಮಾತು. ಆದರೆ ಹೆರಿಗೆಯಾದ ಕೆಲವೇ ವಾರಗಳಲ್ಲಿ ಬಾಣಂತಿಗೂ ಅದು ಹೊಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞ, ಮುಂದೆ ಅಲ್ಲಿಯ ನಿರ್ದೇಶಕರೂ ಆದ ಡಾ. ಡಿ. ನಾಗರಾಜ ವರ್ಷಗಟ್ಟಲೆ ಬೆನ್ನು ಹತ್ತಿದ್ದು ಇದನ್ನೇ.

ಇದರಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳವಲ್ಲ, ಅಲ್ಲಿಂದ ರಕ್ತ ವಾಪಸ್ ತರುವ ನಾಳ ಹೆಪ್ಪುಗಟ್ಟಿ ಮುಚ್ಚುತ್ತದೆ. ಗಟಾರ ಕಟ್ಟಿಕೊಂಡರೆ ನೀರು ಓಣಿಗೆ ನುಗ್ಗಿದ ಹಾಗೆ, ಕೆಲವರಿಗೆ ಮೆದುಳಿನೊಳಗೇ ರಕ್ತ ಸೋರುತ್ತದೆ. ಸೋರುವಾಗ ಹೆಪ್ಪು ತಡೆಯುವ ಹೆಪಾರಿನ್ ಕೊಡೋದು ಹೇಗೆ? ವೈದ್ಯರಿಗೇ ಅಳುಕಿತ್ತು. ಕಡಿಮೆ ಪ್ರಮಾಣದ ಹೆಪಾರಿನ್‌ನಿಂದ ಬಾಣಂತಿಯರಿಗೆ ಅನುಕೂಲವೇ ಆಗುತ್ತದೆ ಎಂದು ನಾಗರಾಜ ಮತ್ತು ಸಂಗಡಿಗರು 1999ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ವರದಿ ಮಾಡಿದರು.

ಹೆರಿಗೆ ನಂತರ ರಕ್ತ ಹೇಗೂ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ‘ಥಂಡಿ ಆಗ್ತದ’ ಅಂತ ನೀರು ಕಡಿಮೆ ಮಾಡಿದರೆ ಅಪಾಯ ಹೆಚ್ಚು. ಬಿಸಿನೀರೇ ಕೊಡಲಿ, ಬೇಕಾದಷ್ಟು ಕೊಡಲಿ. ಬಿಡದ ತಲೆನೋವು, ಫಿಟ್ಸ್, ಕೈಕಾಲು ಸೋಲುವುದು ಕಂಡರೆ ಬಾಣಂತಿಸನ್ನಿ ಅಂತ ಮನೆಯಲ್ಲೇ ಕಾಯಬಾರದು. ಬೆಂಗೇರಿಯವರಿಗೆ ವಿದ್ಯಾನಗರದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ದೂರವೇನಲ್ಲ. ಹೆರಿಗೆಯಾಗಿ ಎಷ್ಟು ದಿನ ಆಯ್ತು ಅನ್ನೋದನ್ನ ವೈದ್ಯರಿಗೆ ಮೊದಲೇ ಹೇಳಬೇಕು.